ಹಾರದ ಆರು ತೋಟಾ

ಕುಣಿಗಲ್
ನವೆಂಬರ್ 1963

ಕೋರದ ಚನ್ನವೀರಯ್ಯನವರಿಗೆ,

ಗುಬ್ಬಿಯಲ್ಲಿ ಹೆಡ್‌ಮಾಸ್ಟರಾಗಿದ್ದ ಸೀತಾರಾಮಯ್ಯನವರ ಹೆಂಡತಿ ಕೌಸಲ್ಯ ನಮಸ್ಕಾರ ಮಾಡಿ ಬರೆಯುತ್ತಿದ್ದೇನೆ. ಈ ಹೆಸರು ಕಂಡೊಡನೆ ಕಾಗದವನ್ನು ಹರಿದುಹಾಕಬೇಕೆನಿಸಿದರೆ ಅದು ನ್ಯಾಯವೇ. ಆದರೆ ಹರಿಯುವ ಮುಂಚೆ ಇದಿಷ್ಟನ್ನು ಓದಿ: ಆರು ವರ್ಷದ ಹಿಂದೆ ನೀವು ನಮ್ಮ ರಿವಾಲ್ವರಿಗೆ ಆರಿಸಿಕೊಟ್ಟ ತೋಟಾಗಳಲ್ಲಿ ಯಾವ ದೋಷವೂ ಇರಲಿಲ್ಲ. ಅವನ್ನು ಕೆಡಿಸಿದವಳು ನಾನು. ತಿಳಿಯದೆ ಆದದ್ದಲ್ಲ, ಬೇಕೆಂದೇ ಕೆಡಿಸಿದೆ.

ನಿಮಗೆ ಗೊತ್ತಿರುವ ಸಂಗತಿಗಳನ್ನೂ ಇಲ್ಲಿ ಬರೆಯುತ್ತೇನೆ. ಈ ಕಾಗದವನ್ನು ನೀವು ಇನ್ನೊಬ್ಬರಿಗೆ ತೋರಿಸಬೇಕಾಗಿ ಬರಬಹುದು. ಆಗ ಅವರಿಗೂ ಎಲ್ಲ ತಿಳಿಯಬೇಕು.

1956ರ ದೀಪಾವಳಿಯ ಹಿಂದುಮುಂದು. ನಮ್ಮ ಯಜಮಾನರು ತುಮಕೂರಿನಿಂದ ಸೈಕಲ್ಲಿನಲ್ಲಿ ಗುಬ್ಬಿಗೆ ವಾಪಸು ಬರುತ್ತಿದ್ದಾಗ ರಸ್ತೆಯ ಪಕ್ಕದ ತೆಂಗಿನ ತೋಟದಲ್ಲಿ ಮೂವರು ಸೇರಿ ಒಬ್ಬನನ್ನು ಹೊಡೆದು ಕೊಂದದ್ದನ್ನು ಕಣ್ಣಾರೆ ಕಂಡರು. ಬದುವಿನ ಜಗಳ. ಕೊಂದವರಲ್ಲಿ ಇಬ್ಬರ ಮಕ್ಕಳು ಇವರ ಶಾಲೆಯಲ್ಲೇ ಓದುತ್ತಿದ್ದರು. ಕಂಡದ್ದನ್ನು ಇವರು ಪೊಲೀಸರಿಗೆ ಹೇಳಿದರು, ಕೋರ್ಟಿನಲ್ಲೂ ಹೇಳುತ್ತೇನೆ ಎಂದರು. ಆಮೇಲೆ ನಮ್ಮ ಮನೆಗೆ ಹೆಸರಿಲ್ಲದ ಕಾಗದಗಳು ಬರಲು ಶುರುವಾದವು. ಒಂದರಲ್ಲಿ ನಮ್ಮ ಮಗಳು ಪದ್ಮ ಶಾಲೆಗೆ ಹೋಗುವ ದಾರಿಯನ್ನು ತಿರುವು ತಿರುವಾಗಿ ಬರೆದಿದ್ದರು. ಅದನ್ನು ನೋಡಿಯೇ ಜಿಲ್ಲಾ ಮ್ಯಾಜಿಸ್ಟ್ರೇಟರು ರಿವಾಲ್ವರಿಗೆ ಲೈಸೆನ್ಸ್ ಕೊಟ್ಟದ್ದು. ರಿಟೈರಾದ ಮಿಲಿಟರಿ ಅಧಿಕಾರಿಯೊಬ್ಬರ ಪಾಯಿಂಟ್ ಮೂವತ್ತೆರಡು ಅಳತೆಯ ಹಳೆಯ ರಿವಾಲ್ವರನ್ನು ಇವರು ಕೊಂಡರು. ಅದಕ್ಕೆ ತೋಟಾ ಕೊಳ್ಳಲು ತುಮಕೂರಿನಲ್ಲಿ ನೀವು ಕೆಲಸಕ್ಕಿದ್ದ ಬಂದೂಕಿನ ಅಂಗಡಿಗೆ ಬಂದೆವು. ಅದು ಮುಂದಿನ ಫೆಬ್ರವರಿ ತಿಂಗಳು.

ಇಪ್ಪತ್ತೆರಡು ವರ್ಷ ಪೊಲೀಸ್ ಇಲಾಖೆಯಲ್ಲಿ ಬಂದೂಕು ರಿಪೇರಿ ಮಾಡಿದವರು ಎಂದು ಅಂಗಡಿಯ ಯಜಮಾನರು ನಿಮ್ಮನ್ನು ಪರಿಚಯ ಮಾಡಿಕೊಟ್ಟರು. ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸುತ್ತಾರೆ ಎಂದುಕೊಂಡಿದ್ದೆ. ನೀವು ಒಳಗೆ ಕರೆದಿರಿ. ಇವರು ಎಲ್ಲಕ್ಕಿಂತ ಜೋರಾದ ತೋಟಾ ಕೊಡಿ, ಒಂದೇ ಏಟಿಗೆ ಆನೆ ಬೀಳಬೇಕು ಎಂದರು. ನೀವು ನಗಲಿಲ್ಲ. ಒಂದು ಕಂದು ಕಾಗದ, ಪೆನ್ಸಿಲ್ ನನ್ನ ಮುಂದಿಟ್ಟು ಮನೆಯ ನಕ್ಷೆ ಬರೆಯಲು ಹೇಳಿದಿರಿ. ನಡುಮನೆ, ಅಡಿಗೆಮನೆ, ಹಿತ್ತಲ ಬಾಗಿಲು, ಪದ್ಮ ಮಲಗುವ ಕೋಣೆ, ಎಲ್ಲ ಬರೆದೆ. ನೀವು ಒಂದು ಗೆರೆಯ ಮೇಲೆ ಬೆರಳಿಟ್ಟು ಕೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ.

"ಇದ್ರಾಚೆ ಯಾರ್ ಮಲಗ್ತಾರಮ್ಮ? ಗೋಡೆನೋ, ಹಲಗೆನೋ?"

ಹಲಗೆ ಎಂದೆ. ಕೋಣೆಗೂ ನಡುಮನೆಗೂ ನಡುವೆ ಇದ್ದದ್ದು ಹಲಸಿನ ಹಲಗೆಯ ಅಡ್ಡಗೋಡೆ. ಆಗ ನೀವು ಮೂರು ಬಗೆಯ ತೋಟಾಗಳನ್ನು ಬಟ್ಟೆಯ ಮೇಲೆ ಇಟ್ಟು, ಮೇಷ್ಟ್ರು ಪಾಠ ಹೇಳುವಂತೆ, ನಮ್ಮ ಮೇಷ್ಟ್ರಿಗೇ ಹೇಳಿದಿರಿ. ತಾಮ್ರದ ಹೊದಿಕೆಯ ಗುಂಡು ಗಟ್ಟಿ, ಕಳ್ಳನನ್ನೂ ಹಲಗೆಯನ್ನೂ ದಾಟಿ ಮಗುವಿನ ತನಕ ಹೋಗಬಲ್ಲದು, ಅದು ಬೇಡ. ಗಿಡ್ಡ ತೋಟಾದಲ್ಲಿ ಮದ್ದು ಕಡಿಮೆ, ಅದನ್ನು ನಂಬಿ ಕೂರುವಂತಿಲ್ಲ. ಉದ್ದನೆಯ ಹಿತ್ತಾಳೆ ಕೊಳವೆಯ, ಬರೀ ಸೀಸದ ಗುಂಡಿನ ತೋಟಾ ಸರಿ. ಅದೂ ಹಲಗೆ ತೂರುವುದಿಲ್ಲ ಎಂದು ಮಾತು ಕೊಡಲಾರೆ, ಆದರೆ ಅಪಾಯ ಕಡಿಮೆ, ಇವರ ಕೈಗೂ ಹಿಡಿತಕ್ಕೆ ಸಿಗುತ್ತದೆ ಎಂದಿರಿ. ಯುದ್ಧದ ಕಾಲದ ತೋಟಾಗಳು ಅಗ್ಗಕ್ಕೆ ಇದ್ದವು. ಅವುಗಳ ಹಿತ್ತಾಳೆಯ ಮೇಲಿನ ಹಸಿರು ಕಿಲುಬನ್ನು ತೋರಿಸಿ, ಜೀವದ ವಿಷಯದಲ್ಲಿ ಹಳೆ ಸರಕು ಬೇಡ ಎಂದು ಪಕ್ಕಕ್ಕೆ ತಳ್ಳಿದಿರಿ. ಪೊಲೀಸ್ ಮೈದಾನದಲ್ಲಿ ಅನುಮತಿ ಕೇಳಿ, ಅದೇ ಡಬ್ಬಿಯ ಎಂಟು ತೋಟಾಗಳನ್ನು ಮಣ್ಣಿನ ದಿಬ್ಬಕ್ಕೆ ಹಾರಿಸಿ ನೋಡಿದ್ದೂ ಆಯಿತು. ಎಂಟೂ ಹಾರಿದವು. ಈ ಮಾತನ್ನು ಅಡಿಗೆರೆ ಹಾಕಿ ಓದಬೇಕು: ಎಂಟಕ್ಕೆ ಎಂಟೂ ಹಾರಿದವು.

ಹೊರಡುವಾಗ ನನ್ನ ಕಡೆ ತಿರುಗಿ ನೀವು ಎರಡು ಮಾತು ಹೇಳಿದಿರಿ. ಒಂದು, ರಿವಾಲ್ವರಿಗೆ ಎಣ್ಣೆ ಹಚ್ಚಬಹುದು, ತೋಟಾಕ್ಕೆ ಮಾತ್ರ ಒಣಬಟ್ಟೆ, ಎಣ್ಣೆ ಒಳಗಿಳಿದರೆ ಕಿಡಿ ಸಾಯುತ್ತದೆ ಎಂದು. ಇನ್ನೊಂದು, "ಮನೇಲಿರೋರಿಗೆ ತುಂಬೋಕೆ ಬರ್ದಿದ್ರೂ ಖಾಲಿ ಮಾಡೋಕೆ ಬರ್ಬೇಕಮ್ಮ." ಹೀಗೆಂದು ರಿವಾಲ್ವರನ್ನು ನನ್ನ ಕೈಗೆ ಕೊಟ್ಟು, ಬಿಚ್ಚಿ ತೋಟಾ ಹೊರತೆಗೆಯುವುದನ್ನು ಮೂರು ಸಲ ಮಾಡಿಸಿದಿರಿ. ಆ ಎರಡು ಮಾತುಗಳನ್ನೂ ನಾನು ಮರೆಯಲಿಲ್ಲ. ನಿಮ್ಮ ಪಾಠದಿಂದಲೇ ನಿಮ್ಮ ಅನ್ನ ಕಿತ್ತುಕೊಂಡೆ.

ನಮ್ಮ ಯಜಮಾನರು ಕೆಟ್ಟವರಲ್ಲ. ಆದರೆ ಮೊದಲು ಹೆದರದೆ ಇದ್ದವರು, ರಿವಾಲ್ವರ್ ಬಂದ ಮೇಲೆ ಹೆದರಲು ಕಲಿತರು. ತೆಂಗಿನ ಗರಿ ಬಿದ್ದರೆ ಕೈ ಅದರ ಮೇಲೆ ಹೋಗುತ್ತಿತ್ತು. ಮಾರ್ಚ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಊಟವಾಗಿ ಇವರು ಕುರ್ಚಿಯಲ್ಲೇ ಜೊಂಪು ಹತ್ತಿ ಕೂತಿದ್ದರು. ಪಕ್ಕದ ಮನೆಯಲ್ಲಿ ಆಡುತ್ತಿದ್ದ ಪದ್ಮ ಬಾಗಿಲು ತಳ್ಳಿಕೊಂಡು ಓಡಿಬಂದಳು. ಇವರು ಬೆಚ್ಚಿ ಎದ್ದರು. ನಾನು ಅಡಿಗೆಮನೆಯಿಂದ ನೋಡಿದಾಗ ರಿವಾಲ್ವರಿನ ಮೂತಿ ಎಂಟು ವರ್ಷದ ಮಗುವಿನ ಹಣೆಯ ನೇರಕ್ಕಿತ್ತು. ಒಂದು ಗಳಿಗೆ. ಆಮೇಲೆ ಕೆಳಗಿಳಿಸಿ ನಕ್ಕರು. ಪದ್ಮಳೂ ನಕ್ಕಳು, ಅಪ್ಪ ಆಟವಾಡುತ್ತಿದ್ದಾರೆ ಎಂದುಕೊಂಡು. ಆ ದಿನ ನಾನು ಇವರ ಕಾಲು ಹಿಡಿದು ಇದನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಇಟ್ಟುಬಿಡಿ ಎಂದು ಕೇಳಿದೆ. "ಸಾಕ್ಷಿ ಮುಗೀಲಿ ಕಣೇ, ಅಲ್ಲೀತನಕ ಸುಮ್ನಿರು" ಎಂದರು.

ಮಾರನೆಯ ದಿನದಿಂದ ಶುರು ಮಾಡಿದೆ. ಇವರು ಶಾಲೆಗೆ ಹೋಗುವಾಗ ರಿವಾಲ್ವರನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಬೀಗದ ಕೈ ದೇವರ ಗೂಡಿನಲ್ಲಿರುತ್ತಿತ್ತು. ಆರು ತೋಟಾಗಳನ್ನು ಹೊರತೆಗೆದು, ಒಂದು ಹಿತ್ತಾಳೆ ಬಟ್ಟಲಿನಲ್ಲಿ ಹೊಲಿಗೆ ಮಿಷನ್ನಿನ ಎಣ್ಣೆ ಹಾಕಿ, ತಳ ಮುಳುಗುವಂತೆ ನಿಲ್ಲಿಸಿಡುತ್ತಿದ್ದೆ. ಸಂಜೆಗೆ ಒರೆಸಿ ವಾಪಸು ತುಂಬುತ್ತಿದ್ದೆ. ಪರೀಕ್ಷೆ ಮುಗಿದು ಶಾಲೆಗೆ ರಜ ಬರುವವರೆಗೂ ಹೀಗೇ ನಡೆಯಿತು. ಸತ್ತಿವೆಯೋ ಇಲ್ಲವೋ ತಿಳಿಯುವ ದಾರಿ ನನಗಿರಲಿಲ್ಲ. ಬಟ್ಟಲನ್ನು ಮಾತ್ರ ಆಮೇಲೆ ಅಡಿಗೆಗೆ ಬಳಸಲಾಗದೆ ಹಳೆಪಾತ್ರೆಯವನಿಗೆ ಹಾಕಿದೆ.

ಜುಲೈನಲ್ಲಿ ತುಮಕೂರಿನ ಕೋರ್ಟಿನಲ್ಲಿ ಸಾಕ್ಷಿ. ಮೂರು ದಿನ ಇವರು ಬಸ್ಸಿನಲ್ಲಿ ಹೋಗಿ ಬಂದರು, ಕೋಟಿನ ಒಳಜೇಬಿನಲ್ಲಿ ರಿವಾಲ್ವರ್ ಇಟ್ಟುಕೊಂಡು. ಕೋರ್ಟಿನ ಬಾಗಿಲಲ್ಲಿ ಪೊಲೀಸರ ವಶಕ್ಕೆ ಕೊಟ್ಟು, ಹೊರಡುವಾಗ ಮತ್ತೆ ಪಡೆಯುತ್ತಿದ್ದರಂತೆ. ಮೊದಲ ದಿನ ಇವರು ಚಪ್ಪಲಿ ಮೆಟ್ಟುವಾಗ ಹೇಳಿಬಿಡೋಣ ಎಂದು ಬಾಯಿತನಕ ಬಂತು. ಹೇಳಿದ್ದರೆ ಹೊಸ ತೋಟಾ ಬರುತ್ತಿತ್ತು, ಮನೆಯಲ್ಲಿ ಮತ್ತೆ ಅದೇ ಮೂತಿ. ಹೇಳದಿದ್ದರೆ ಗಂಡನನ್ನು ಬರಿಗೈಯಲ್ಲಿ ಕಳಿಸಿದಂತೆ. ಆ ಮೂರು ದಿನ ನಾನು ಅನ್ನಕ್ಕೆ ಅಕ್ಕಿ ತೊಳೆದದ್ದೂ ನೆನಪಿಲ್ಲ. ಎರಡನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಆರೋಪಿಗಳ ಕಡೆಯ ಇಬ್ಬರು ಇವರನ್ನು ಅಡ್ಡಗಟ್ಟಿದರಂತೆ. ಇವರು ಕೋಟಿನೊಳಗೆ ಕೈ ಹಾಕಿ ನೆಟ್ಟಗೆ ನೋಡಿದರಂತೆ. ಅವರು ಹೊರಟುಹೋದರು. ಕೇಳುತ್ತಾ ನಾನು ಲೋಟ ತೊಳೆಯುತ್ತಿದ್ದೆ, ನಿಲ್ಲಿಸಲಿಲ್ಲ.

ಸಾಕ್ಷಿ ಮುಗಿದರೂ ತೀರ್ಪು ಬರುವವರೆಗೆ ಇರಲಿ ಎಂದು ಇವರು ರಿವಾಲ್ವರನ್ನು ಬಿಡಲಿಲ್ಲ. ಶ್ರಾವಣದಲ್ಲಿ ಜ್ವರ ಬಂದು ಮನೆಯಲ್ಲೇ ಮಲಗಿದ್ದರು. ಜಿಟಿಜಿಟಿ ಮಳೆ. ನಮಗೆ ಮೊಸರು ತರುತ್ತಿದ್ದ ಸಿದ್ದಗಂಗಮ್ಮ ಎಂಬ ಮುದುಕಿ ಯಾವಾಗಲೂ ಮುಂಬಾಗಿಲಿಗೆ ಬಂದು ಕೂಗುವವಳು. ಆ ದಿನ ತಲೆಯಿಂದ ಮೊಣಕಾಲತನಕ ಕಂಬಳಿ ಹೊದ್ದು ಹಿತ್ತಲ ಬಾಗಿಲಿಂದ ಸದ್ದಿಲ್ಲದೆ ಒಳಗೆ ಬಂದಳು. ಕತ್ತಲ ಮೂಲೆಯ ಮಂಚದಿಂದ ಇವರು ಅವಳ ಎದೆಗೆ ಗುರಿಯಿಟ್ಟು ರಿವಾಲ್ವರಿನ ಕುದುರೆ ಎಳೆದರು. ಒಂದಲ್ಲ, ಮೂರು ಸಲ. ನಾನು ಒನಕೆ ಹಿಡಿದುಕೊಂಡೇ ಓಡಿಬಂದೆ. ಸಿದ್ದಗಂಗಮ್ಮ ಮೊಸರಿನ ಗಡಿಗೆ ಇಳಿಸುತ್ತಾ ಕೇಳಿದಳು:

"ಅದೇನ್ ಮೇಷ್ಟ್ರೆ, ಟಿಕ್ಕು ಟಿಕ್ಕು ಅಂತೈತೆ? ಗಡಿಯಾರ ಕೆಟ್ಟೋಯ್ತಾ?"

ಅವಳಿಗೆ ಏನೂ ಕಂಡಿರಲಿಲ್ಲ. ಸೇರಿನಲ್ಲಿ ಮೊಸರು ಅಳೆದು, ಮೇಷ್ಟ್ರಿಗೆ ಮೆಣಸಿನ ಕಷಾಯ ಕೊಡಿ ಎಂದು ಹೇಳಿ ಹೋದಳು. ಇವರು ಗೋಡೆಗೆ ಮುಖ ಮಾಡಿ ಮಲಗಿದರು.

ಜ್ವರ ಬಿಟ್ಟ ಮೇಲೆ ಆದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇವರು ಅಂಗಡಿಗೆ ಬಂದು, ತೋಟದಲ್ಲಿ ಹಾರಿಸಿ ನೋಡಿದೆ, ಒಂದೂ ಹಾರಲಿಲ್ಲ, ಹಳೇ ಸರಕು ಕೊಟ್ಟು ನನ್ನನ್ನು ಸಾವಿನ ಬಾಯಿಗೆ ಕಳಿಸಿದ್ದೀರಿ ಎಂದು ದೂರಿದರು. ಮುದುಕಿಗೆ ಗುರಿಯಿಟ್ಟದ್ದನ್ನು ಹೇಳುವ ಧೈರ್ಯ ಇವರಿಗಿರಲಿಲ್ಲ. ಕೋರ್ಟಿನಲ್ಲಿ ಜೀವದ ಹಂಗು ತೊರೆದು ನಿಜ ಹೇಳಿದವರು ನಿಮ್ಮ ಮುಂದೆ ಸುಳ್ಳು ಹೇಳಿದರು. ನೀವು ಒಂದು ತೋಟಾ ಬಿಚ್ಚಿ, ಮದ್ದನ್ನು ಮೂಸಿ, "ಎಣ್ಣೆ ಇಳ್ದದೆ ಸ್ವಾಮಿ" ಎಂದಿರಂತೆ. ಎಣ್ಣೆ ಹಾಕಬಾರದೆಂದು ನನಗೆ ಗೊತ್ತಿಲ್ಲವೇ ಎಂದು ಇವರು ಸಿಡಿದರಂತೆ. ಇವರು ಡಿ.ಸಿ. ಆಫೀಸಿಗೆ ಬರೆಯುತ್ತೇನೆ ಎಂದಾಗ ಅಂಗಡಿಯ ಯಜಮಾನರು ಹೆದರಿ ಹೆಡ್‌ಮಾಸ್ಟರ ಮಾತನ್ನೇ ನಂಬಿದರು. ನಿಮ್ಮನ್ನು ಕೆಲಸದಿಂದ ಬಿಡಿಸಿದರು. ಇದನ್ನೆಲ್ಲ ಇವರು ಊಟದ ಎಲೆಯ ಮುಂದೆ ಕೂತು ಹೇಳಿದಾಗ ನಾನು ಸಾರು ಬಡಿಸುತ್ತಿದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ಅಂಗಡಿಯವರು ಬದಲಿಗೆ ಕೊಟ್ಟ ಹೊಸ ತೋಟಾಗಳನ್ನು ಇವರು ತುಂಬಲೇ ಇಲ್ಲ. ಮೊಸರು ಹಾಕಿಸಿಕೊಳ್ಳಲು ಇವರೇ ಮುಂಬಾಗಿಲಲ್ಲಿ ಪಾತ್ರೆ ಹಿಡಿದು ನಿಲ್ಲುತ್ತಿದ್ದರು. ಕೊಲೆ ಮಾಡಿದ ಮೂವರಿಗೂ ಶಿಕ್ಷೆಯಾಯಿತು. ಮೇಲಿನ ಕೋರ್ಟಿನಲ್ಲೂ ಅದೇ ಉಳಿದ ಮೇಲೆ ರಿವಾಲ್ವರನ್ನು ಸ್ಟೇಷನ್ನಿಗೆ ಒಪ್ಪಿಸಿ ಲೈಸೆನ್ಸನ್ನೂ ಬಿಟ್ಟರು. ಕುಣಿಗಲ್ಲಿಗೆ ವರ್ಗವಾಗಿ ಎರಡು ವರ್ಷವಾಯಿತು.

ಕಳೆದ ತಿಂಗಳು ನಮ್ಮ ಬೀದಿಗೆ ಬಾಡಿಗೆಗೆ ಬಂದ ಹೆಂಗಸೊಬ್ಬಳು ಜಾಕೀಟು ಹೊಲಿಸಲು ನನ್ನ ಬಳಿ ಬಂದಳು. ಬಸವಲಿಂಗಮ್ಮ. ಊರು ಯಾವುದು ಎಂದೆ, ಕೋರ ಎಂದಳು. ತಂದೆ ಏನು ಮಾಡುತ್ತಾರೆ ಎಂದೆ. ನಿಮ್ಮ ಮಗಳು, ಚನ್ನವೀರಯ್ಯನವರೇ, ನಾನು ಯಾರೆಂದು ತಿಳಿಯದೆ ಎಲ್ಲ ಹೇಳಿದಳು. ಊರಿನಲ್ಲಿ ನಿಮ್ಮನ್ನು ಟುಸ್ ತೋಟಾ ಎಂದು ಕರೆಯುತ್ತಾರೆ, ಅಂದಿನಿಂದ ನೀವು ಯಾರ ಬಂದೂಕನ್ನೂ ಮುಟ್ಟಿಲ್ಲ, ರಿಪೇರಿ ಸಾಮಾನಿನ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ್ದೀರಿ ಎಂದು. "ಎಣ್ಣೆ ಇಳಿದಿತ್ತು ಅಂತ ನಮ್ಮಪ್ಪ ಇವತ್ಗೂ ಒಬ್ರೇ ಕೂತ್ಕೊಂಡು ಹೇಳ್ಕೋತಾರೆ ಕಣಕ್ಕ" ಎಂದಳು. ಅಳತೆಯ ಪಟ್ಟಿ ನನ್ನ ಕೈಯಲ್ಲಿತ್ತು. ಅಳತೆ ತಪ್ಪಾಗಿ ಬರೆದುಕೊಂಡೆ. ಅವಳಿಗೆ ಏನೂ ಹೇಳಲಿಲ್ಲ. ಮೊದಲು ಹೇಳಬೇಕಾದವರು ಮನೆಯಲ್ಲಿದ್ದರು.

ಅಂದು ಸಂಜೆ ನಮ್ಮ ಯಜಮಾನರ ಮುಂದೆ ಕೂತು, ಬಟ್ಟಲು, ಎಣ್ಣೆ, ಬೀಗದ ಕೈ, ಎಲ್ಲವನ್ನೂ ಹೇಳಿದೆ. ಇವರು ಬೈಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಕೇಳಿದರು, ಸಾಕ್ಷಿಗೆ ಹೋದಾಗ ಜೇಬಿನಲ್ಲಿದ್ದವೂ ಅವೇ ತೋಟಾಗಳೇ ಎಂದು. ಹೌದು ಎಂದೆ.

"ಹಂಗಾದ್ರೆ ನಾನು ಬರಿಗೈಲೇ ಹೋಗಿ ನಿಜ ಹೇಳ್ಬಂದೆ" ಎಂದರು. ಆಮೇಲೆ, "ಚನ್ನವೀರಯ್ಯನ ಮುಂದೆ ನಿಂತಾಗ ಯಾಕೆ ಆಗ್ಲಿಲ್ಲ?" ಎಂದರು.

ಅಂದೇ ಇವರು ಅಂಗಡಿಯ ಯಜಮಾನರಿಗೆ ತಮ್ಮ ಕೈಯಾರೆ ಬರೆದರು. ಸಿದ್ದಗಂಗಮ್ಮನ ವಿಷಯವನ್ನೂ ಮುಚ್ಚಿಡಲಿಲ್ಲ. ಆ ಕಾಗದದ ನಕಲು ಇದರ ಜೊತೆಗಿದೆ. ನಾನೂ ನಿಮ್ಮ ಮಗಳ ಮನೆಗೆ ಹೋಗಿ ನಾನು ಯಾರೆಂದು ಹೇಳಿದೆ. ಅವಳು ಒಳಗೆ ಕರೆಯಲಿಲ್ಲ. ಹೊಲಿದ ಜಾಕೀಟನ್ನು ಮಾತ್ರ ತೆಗೆದುಕೊಂಡಳು.

ನೀವು ಕ್ಷಮಿಸಬೇಕೆಂದು ನಾನು ಕೇಳುತ್ತಿಲ್ಲ. ಎಣ್ಣೆ ಹಾಕಿದ್ದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ, ಅದನ್ನೂ ನಿಜವಾಗಿಯೇ ಬರೆಯುತ್ತೇನೆ. ಸಿದ್ದಗಂಗಮ್ಮ ಇಂದಿಗೂ ಗುಬ್ಬಿಯಲ್ಲಿ ಮೊಸರು ಮಾರುತ್ತಿದ್ದಾಳೆ. ನನ್ನ ತಪ್ಪು ಸಾರು ಬಡಿಸುತ್ತಾ ಸುಮ್ಮನಿದ್ದದ್ದು. ಅದಕ್ಕೆ ಆರು ವರ್ಷದ ಬಡ್ಡಿಯನ್ನು ತೆತ್ತವರು ನೀವು.

ಬರುವ ಭಾನುವಾರ ಇವರು ಬೆಳಗಿನ ಬಸ್ಸಿಗೆ ಕೋರಕ್ಕೆ ಬರುತ್ತಾರೆ. ನಿಮ್ಮ ಬೀದಿಯ ನಾಲ್ಕು ಜನರ ಮುಂದೆ ಹೇಳುತ್ತಾರಂತೆ, ತೋಟಾ ಸರಿಯಾಗಿತ್ತು, ಆರಿಸಿದವರೂ ಸರಿಯಾಗಿದ್ದರು ಎಂದು. ನೀವು ಬಾಗಿಲು ತೆರೆಯದಿದ್ದರೂ ತಪ್ಪಿಲ್ಲ. ಜಗುಲಿಯ ಮೇಲೆ ಕೂತಿದ್ದು, ಸಂಜೆಯ ಬಸ್ಸಿಗೆ ವಾಪಸಾಗುತ್ತಾರೆ. ಮುಂದಿನ ಭಾನುವಾರ ಮತ್ತೆ ಬರುತ್ತಾರೆ.

ನಿಮ್ಮ ಕಣ್ಣು, ಕೈ ಚೆನ್ನಾಗಿರಲಿ. ಅಟ್ಟದ ಪೆಟ್ಟಿಗೆ ಕೆಳಗಿಳಿಯಲಿ. ಈ ಕಾಗದ ಯಾರಿಗೆ ತೋರಿಸಿದರೂ ನನ್ನ ಒಪ್ಪಿಗೆಯಿದೆ. ಅದಕ್ಕಾಗಿಯೇ ಹೆಸರನ್ನು ಪೂರ್ತಿ ಬರೆದು ರುಜು ಹಾಕಿದ್ದೇನೆ.

ನಿಮ್ಮ ತಪ್ಪಿತಸ್ಥೆ,
ಸೀತಾರಾಮಯ್ಯನವರ ಪತ್ನಿ ಕೌಸಲ್ಯಮ್ಮ
ಕುಣಿಗಲ್