ಸೊಂಟದಿಂದ ಎದೆಗೊಂದು ತೇಪೆ

ಹೃದಯ ವಿಭಾಗ, ಕಿಟಕಿ ಪಕ್ಕದ ಹಾಸಿಗೆ
ಶುಕ್ರವಾರ, ಹನ್ನೊಂದನೇ ತಾರೀಖು

ಪ್ರೀತಿಯ ತಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ದಿನವಿಡೀ ನಿಂತು ಬಟ್ಟೆ ಕತ್ತರಿಸಿದ ಕಾಲು, ಸುಮ್ಮನೆ ಬಿಡುವುದಿಲ್ಲ. ನಿನ್ನ ಹೆಂಡತಿ, ಮಗಳು ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ. ನೀನು ನಮ್ಮ ಅಂಗಡಿ ಬಿಟ್ಟ ಮೇಲೆ ಮೂರು ವರ್ಷ ಮಾತಾಡಿಸದವನು ಈಗ ಕ್ಷೇಮ ಕೇಳುತ್ತಿದ್ದಾನಲ್ಲ ಎಂದು ಮೂಗು ಮುರಿಯಬೇಡ. ಬೈಯುವುದಿದ್ದರೆ ಎದುರಿಗೇ ಬಂದು ಬೈ.

ಕಳೆದ ತಿಂಗಳು ಹೊಲಿಗೆ ಯಂತ್ರದ ಮುಂದೆಯೇ ನನಗೆ ಹೃದಯಾಘಾತವಾಯಿತು. ಗ್ಯಾಸ್ ಇರಬೇಕೆಂದು ಕೈಲಿದ್ದ ಅಂಗಿಯ ತೋಳು ಹೊಲಿದು ಮುಗಿಸಿದೆ. ನಿನ್ನ ಅತ್ತಿಗೆ ಬಂದು ನೋಡಿದರೆ ಅಂಗಿಯೆಲ್ಲ ಬೆವರು. "ತೋಳು ಹಾಳಾಗಲಿ, ಏಳ್ರೀ ಮೊದಲು!" ಎಂದು ಇಲ್ಲಿಗೆ ಎಳೆದು ತಂದಳು. ಜೀವ ಉಳಿಯಿತು, ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿದೆಯಂತೆ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು.

ಇಲ್ಲಿಯ ಡಾಕ್ಟರಮ್ಮ ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಸೇರುತ್ತೀರಾ ಎಂದು ಕೇಳಿದರು. ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಹೆಸರು. ಸೊಂಟದ ಮೂಳೆಯೊಳಗಿನ ಮಜ್ಜೆಯಿಂದ ಜೀವಕೋಶಗಳನ್ನು ತೆಗೆದು, ಸಣ್ಣ ಕೊಳವೆಯಲ್ಲಿ ಹೃದಯಕ್ಕೆ ಬಿಡುತ್ತಾರೆ. ನನಗೆ ತಟ್ಟನೆ ಅರ್ಥವಾಯಿತು. ಎದೆಯ ಹತ್ತಿರ ಅಂಗಿ ಹರಿದರೆ ನಾವು ಕೆಳಗಿನ ಮಡಿಕೆ ಬಿಚ್ಚಿ ಅದೇ ಬಟ್ಟೆಯಿಂದ ತೇಪೆ ಹಾಕುವುದಿಲ್ಲವೆ? ಹಾಗೆಂದೆ. ಅವರು ನಕ್ಕು, "ತೇಪೆ ಕೂರುತ್ತೆ ಅಂತ ಭರವಸೆ ಕೊಡೋಕಾಗಲ್ಲ ಯಜಮಾನ್ರೇ. ಪಕ್ಕದ ಸ್ನಾಯುಗೆ ಸ್ವಲ್ಪ ಬಲ ಬಂದರೂ ಬರಬಹುದು" ಎಂದರು. ಅದರಲ್ಲೂ ಪ್ರಯೋಗಕ್ಕೆ ಸೇರಿದ ಅರ್ಧ ಜನರಿಗೆ ಜೀವಕೋಶ, ಉಳಿದವರಿಗೆ ಬರೀ ಉಪ್ಪುನೀರಿನಂಥ ದ್ರವ. ಯಾರಿಗೆ ಯಾವುದು ಎಂದು ಡಾಕ್ಟರಮ್ಮನಿಗೂ ಗೊತ್ತಿರುವುದಿಲ್ಲವಂತೆ. ನಿನ್ನ ಅತ್ತಿಗೆ ಬೇಡವೇ ಬೇಡ ಎನ್ನುತ್ತಾಳೆ. ನನಗೆ ಇನ್ನೊಮ್ಮೆ ಅಂಗಡಿಯ ಮೆಟ್ಟಿಲು ಹತ್ತುವ ಆಸೆ, ಸಹಿ ಹಾಕಿಬಿಟ್ಟೆ. ಹೆದರಿಕೆಯೂ ಆಗುತ್ತಿದೆ, ನಿನ್ನ ಹತ್ತಿರ ಸುಳ್ಳೇಕೆ.

ಮನೆಮಂದಿಗೆಲ್ಲ ನನ್ನ ಆಶೀರ್ವಾದ. ಮಗಳಿಗೆ ದೊಡ್ಡಪ್ಪನ ಮುತ್ತು.

ನಿನ್ನ
ಅಣ್ಣ

ತಾ.ಕ.: ನರ್ಸು ಲಕೋಟೆಗೆ ಕೈಚಾಚಿ ನಿಂತಿದ್ದಾಳೆ, ಬೇಗ ಹೇಳಿಬಿಡುತ್ತೇನೆ. ನೀನು ಅಂಗಡಿ ಬಿಟ್ಟ ದಿನ ಆ ಮದುಮಗನಿಗೆ ಕೋಟು ಬಿಗಿಯಾದದ್ದು ನಿನ್ನ ಕತ್ತರಿಯ ತಪ್ಪಲ್ಲ. ನಲವತ್ತಿದ್ದ ಎದೆಯ ಅಳತೆಯನ್ನು ಮೂವತ್ತೆಂಟು ಎಂದು ಬರೆದುಕೊಟ್ಟವನು ನಾನು. ಗಿರಾಕಿಯ ಮುಂದೆ ಎಲ್ಲವನ್ನೂ ನಿನ್ನ ತಲೆಗೆ ಕಟ್ಟಿದೆ. ನೀನು ಟೇಪು ಮೇಜಿನ ಮೇಲಿಟ್ಟು ಹೊರಟುಹೋದೆ. ಅಳತೆ ಚೀಟಿಯನ್ನು ಅಂದೇ ನೋಡಿಕೊಂಡೆ, ಹೇಳುವ ಧೈರ್ಯ ಬರಲಿಲ್ಲ. ಬರುವ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಚಿಕಿತ್ಸೆಗೆ ನನ್ನನ್ನು ಒಳಗೆ ಕರೆದೊಯ್ಯುತ್ತಾರೆ. ಕ್ಷಮೆಯನ್ನು ನಿನ್ನ ಮುಖ ನೋಡಿಯೇ ಕೇಳಬೇಕು. ಒಂಬತ್ತಕ್ಕೇ ಬಾರೋ.