ಮೇಲೆತ್ತಿದ ಕಂಚಿನ ತೋಳು

೧೯೫೮ ಜೂನ್ ೧೪, ಶನಿವಾರ

ಎರಡು ಸಲ ಸೋಪು ಹಾಕಿ ತೊಳೆದರೂ ಪ್ರೆಸ್ಕಾಟನ ಜಿಡ್ಡುಗೈ ಕುಲುಕಿದ ಅಸಹ್ಯ ಹೋಗುತ್ತಿಲ್ಲ.

ಇವತ್ತು ಬೇಸ್‌ಬಾಲ್ ಮೈದಾನದ ಬಾಗಿಲಲ್ಲಿ ನನ್ನ ಗಂಡ ಕ್ಲೆಮ್‌ನ ಪ್ರತಿಮೆ ನಿಲ್ಲಿಸಿದರು. ಚೆಂಡು ಹಿಡಿದ ಬಲಗೈ ತಲೆಗಿಂತ ಮೇಲಿದೆ. ಇಂಥ ಎಸೆತಗಾರ ಇನ್ನು ಹುಟ್ಟೋದಿಲ್ಲ ಅಂತ ತಂಡದ ಮಾಲೀಕ ಪ್ರೆಸ್ಕಾಟ್ ಮೈಕಿನ ಮುಂದೆ ಕಣ್ಣೊರೆಸಿಕೊಂಡ. ಹಲ್ಕಾ! ಊದಿದ ತೋಳಿಗೆ ನೋವು ಮರೆಸೋ ಸೂಜಿ ಚುಚ್ಚಿಸಿ, "ಇನ್ನೊಂದೇ ಒಂದು ಆಟ, ಕ್ಲೆಮ್" ಅಂತ ಬೇಸಗೆಯಿಡೀ ಆಡಿಸಿದವನು ಇವನೇ. ತೋಳು ಸತ್ತ ಮೇಲೆ ತಂಡದಿಂದ ಆಚೆ ಹಾಕಿದವನೂ ಇವನೇ.

"ಜನ ಕಾಯ್ತಿದ್ದಾರೆ, ಪ್ರತಿಮೆ ಥರಾನೇ ಕೈ ಎತ್ತಪ್ಪಾ!" ಅಂದ.

ಕ್ಲೆಮ್ ಎಡಗೈ ಎತ್ತಿದ.

"ಯಾವ ಕೈಲಿ ಎಸೀತಿದ್ದೆ ಅನ್ನೋದೇ ಮರೆತುಬಿಟ್ಟಿದೆ ಮುದುಕಂಗೆ!" ಅಂತ ಪ್ರೆಸ್ಕಾಟ್ ಮೈಕಿನಲ್ಲೇ ಕೂಗಿದ.

ಜನ ಹೊಟ್ಟೆ ಹಿಡಿದು ನಕ್ಕರು. ಪ್ರೆಸ್ಕಾಟ್ ಮೈಕ್ ಇಟ್ಟು ಹತ್ತಿರ ಬಂದಾಗ ಕ್ಲೆಮ್ಮೂ ಹಲ್ಲು ಕಿರಿದ. ಥೂ, ಎಲ್ಲಕ್ಕಿಂತ ಹೇಸಿಗೆಯಾದದ್ದು ಆ ನಗು.

ಆ ಬಲಗೈ ಈಗ ಭುಜದವರೆಗೂ ಏಳುವುದಿಲ್ಲ. ಮನೆಗೆ ಬಂದ ಮೇಲೆ ದಿನಾ ಮಾಡುವ ಹಾಗೆ ನಾನೇ ಅವನ ಅಂಗಿ ಬಿಚ್ಚಿದೆ.

"ಅವನ ಮುಖಕ್ಕೆ ಉಗಿಯೋದು ಬಿಟ್ಟು ನಕ್ಕೆಯಲ್ಲೋ, ನಾಚಿಕೆ ಆಗ್ಲಿಲ್ವಾ?"

ಕ್ಲೆಮ್ ಎಡಗೈಯಿಂದ ಬಲಗೈ ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಮೈಕ್ ಇಟ್ಟು ನನ್ನ ಕಡೆ ಬಂದನಲ್ಲ, ಇನ್ನೊಂದೇ ಒಂದು ಆಟ ಅಂತಾನೇನೋ ಅನ್ನಿಸ್ತು ಕಣೆ."