ಉಳದ ಎರಡು ಕೋರ

ಜುಲೈ 3, ಗುರುವಾರ, ಬೆಳಿಗ್ಗೆ 11

ಮತ್ತ ಎರಡೇ. ಮೂರು ಸಲ ಬಂದ್ ಮಾಡಿ ಚಾಲೂ ಮಾಡಿದೆ. ಪರೀಕ್ಷಾದವರು ಕಳಿಸಿದ ಚೆಕಿಂಗ್ ಸಾಫ್ಟ್‌ವೇರ್ ಅದೇ ಕೆಂಪು ಅಕ್ಷರ ತೋರಸ್ತದ — ಪ್ರೊಸೆಸರ್ ಕೋರ್: 2. ಬೇಕಾಗಿದ್ದು: 4. ನಾಪಾಸ್.

ಕೋರ್ ಅಂದ್ರ ಪ್ರೊಸೆಸರಿನೊಳಗ ದುಡಿಯೋ ಭಾಗ; ಡಬ್ಬಿ ಮ್ಯಾಲ ನಾಕು ಅಂತ ಬರದದ. ಬಿಲ್ಲಿನಾಗ ನಾಕು. ಪ್ರೊಸೆಸರಿನ ಹೆಸರು ಹಾಕಿ ಮೊಬೈಲಿನಾಗ ಹುಡಕಿದ್ರೂ ನಾಕು. ಕಂಪ್ಯೂಟರ್ ಒಂದೇ ಎರಡು ಅಂತದ. ತನ್ನ ಹೊಟ್ಟಿಯಾಗ ಏನದ ಅಂಬೋದು ಈ ಮುಂಡೇದಕ್ಕೇ ಗೊತ್ತಿಲ್ಲ!

ಹದಿನೈದನೇ ತಾರೀಖಿನೊಳಗ ಪಾಸ್ ಆಗಬೇಕು. ಇಲ್ಲಂದ್ರ ಟೈಪಿಂಗ್ ಪರೀಕ್ಷಾ ನಮ್ಮ ಉಮರ್ಗಾದಾಗ ಇಲ್ಲ, ದೂರದ ಉದಗೀರದಾಗ. ಆರು ವರ್ಷ ಅರ್ಜಿ ಹಾಕಿ ಹಾಕಿ ಈ ಸಲ ನನ್ನ ಟೈಪಿಂಗ್ ಕ್ಲಾಸಿಗಿ ಪರೀಕ್ಷಾ ಸೆಂಟರ್ ಸಿಕ್ಕದ. ಬ್ಯಾರೆ ಮಷಿನ್ ಇಡೋಣಂದ್ರ ಸೆಂಟರಿನ ಮುಖ್ಯ ಮಷಿನ್ ಅಂತ ನೋಂದಣಿ ಇದೇ ಮಷಿನ್ ನಂಬರಿನ ಮ್ಯಾಲ ಆಗ್ಯದ. ಇಪ್ಪತ್ಮೂರು ಹುಡಿಗೇರು. ದಾಳಿಂಬ, ತುರೋರಿ ಹಳ್ಳಿ ಕಡಿಂದ ಬರೋರಿಗಿ ಉಮರ್ಗಾ ಅಂದ್ರೇ ಮನಿಯಾಗ ಹತ್ತು ಪ್ರಶ್ನಿ. ಉದಗೀರಕ್ಕ ಯಾರು ಕಳಸ್ತಾರ?

ಅವರಾಗ ಯೋಗಿತಾ ಅಂತೂ ಬಸರಿ, ಎಂಟು ತಿಂಗಳು ತುಂಬ್ಯಾವ. "ಮೇಡಂ, ಪರೀಕ್ಷಾ ಇಲ್ಲೇ ಆಗ್ತದಲ್ರಿ?" ಅಂದ್ಲು. "ಆಗ್ತದವ್ವಾ" ಅಂದುಬಿಟ್ಟೆ. ನನ್ನ ಬಾಯಿಗಿ ಬೆಂಕಿ ಹಚ್ಚ.

ಜುಲೈ 4, ಶುಕ್ರವಾರ

ರಿಪೇರಿ ಮನ್ಮಥಪ್ಪ ಬಂದಿದ್ದ. ಬಿಚ್ಚಿದ. ಊದಿದ. ಧೂಳ ನನ್ನ ಮಾರಿ ಮ್ಯಾಲ. ಆಮ್ಯಾಲ ರ‍್ಯಾಮ್ ಬದಲಿ ಮಾಡಿ ನೋಡಿದ. ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ!

ಚಾಲೂ ಆಗೋಮುಂದ ಒಂದು ನೀಲಿ ಸ್ಕ್ರೀನ್ ತಗದ. ಅಲ್ಲಿ ನಾಕು ಅಂತ ಬಂತು. ಕುಣದಾಡಿಬಿಟ್ಟೆ. ವಿಂಡೋಸ್ ಒಳಗ ಹೋದ್ರ... ಎರಡು.

"ಹಂಗಾದ್ರ ಆ ಸ್ಕ್ರೀನ್ ಸುಳ್ಳು ಹೇಳ್ತದೇನ್ರಿ?"

"ಅದು ಕಂಪನಿಯವರು ಬರದಿದ್ದು ಓದ್ತದ ವೈನಿ. ಇದು ಖರೆ ಹೇಳ್ತದ. ಎರಡು ಕೋರ್ ಸುಟ್ಟಾವ. ಯಾರೋ ಭಾಳ ಗರಂ ಮಾಡಿ ದುಡಿಸ್ಯಾರ."

ಯಾರೋ ಏನು! ಮನಿಷಾ. ನನ್ನ ನೆಗೆಣ್ಣಿ. ಮೈದುನ ಕೈಲಾಸನ ಹೆಂಡತಿ. ಎರಡು ವರ್ಷದ ಹಿಂದ ನಮ್ಮ ಒಲಿ ಬ್ಯಾರೆ ಆದಾಗ ಅತ್ತಿ ನ್ಯಾಯಾ ಮಾಡಿದ್ಲು — ಕಂಪ್ಯೂಟರ್ ಇಬ್ಬರಿಗೂ ಸಮಾ, ಮೊದಲು ಮನಿಷಾ ಎರಡು ವರ್ಷ ನಡಸಲಿ, ಆಮ್ಯಾಲ ವಿದ್ಯಾವತಿ, ಅಂದ್ರ ನಾ. ಮನಿಷಾ ಅದನ್ನ ನಿಲಂಗಾ ಊರಿಗಿ ಒಯ್ದು ಲಗ್ನದ ವಿಡಿಯೋ ಮಾಡಿದ್ಲು. ಹೋದ ದಸರಾಕ್ಕೇ ತಂದು ಬಾಗಲದಾಗಿಟ್ಟು ಹೋದ್ಲು, ಅವಧಿ ಮುಗಿಯೋ ಮೊದಲೇ. ಚಾ ಸುದ್ದಾ ಕುಡೀಲಿಲ್ಲ. ನಾನೂ ಕುಡಿ ಅನ್ನಲಿಲ್ಲ, ಅದು ಬ್ಯಾರೆ ಮಾತು. ಟೈಪಿಂಗಿಗಿ ಎರಡಿದ್ರೇನು, ನಾಕಿದ್ರೇನು — ಇಷ್ಟು ದಿನ ನಾ ಎಣಿಸೇ ಇಲ್ಲ.

ಈಗ ತಿಳೀತು ಯಾಕ ಅಷ್ಟು ಲಗೂನ ತಂದು ಕೊಟ್ಲಂತ. ಸುಟ್ಟು ಕೊಟ್ಟಾಳ!

ಜುಲೈ 5, ಶನಿವಾರ, ಸಂಜಿ

ದಾಳಿಂಬಕ್ಕ ಅತ್ತಿ ಮನಿಗಿ ಹೋಗಿದ್ದೆ. ಅತ್ತಿ ಅಂಗಳದಾಗ ತೊಗರಿ ಹಸನ ಮಾಡ್ಲಿಕತ್ತಿದ್ಲು. ನಿಂತಲ್ಲೇ ಎಲ್ಲಾ ಒದರಿದೆ. ನಾಕು ಕೋರ್ ಇದ್ವು, ನಿನ್ನ ಸಣ್ಣ ಸೊಸಿ ಎರಡು ಹಾಳ ಮಾಡ್ಯಾಳ ಅಂದೆ.

"ಕೋರ ಅಂದ್ರ? ರೊಟ್ಟಿ ಕೋರೇನು?"

ಹಣಿ ಬಡಕೊಂಡೆ. ಈ ಕಡಿ ರೊಟ್ಟಿ ಮುರದು ನಾಕು ತುಂಡು ಮಾಡಿದ್ರ ಒಂದೊಂದಕ್ಕ ಕೋರ ಅಂತಾರ, ಮರಾಠ್ಯಾಗ. ಅತ್ತಿ ಮನಿಯಾಗ ಅದೇ ಅಳತಿ. ಮನಿಷಾ ಹೊಸದಾಗಿ ಬಂದಾಗ ಒಂದೇ ತಾಟಿನಾಗ ಆಕೀಗಿ ಎರಡು ಕೋರ, ನನಗ ಎರಡು. ಹೊಲಕ್ಕ ಹೋದಾಕಿ ತಡಾ ಮಾಡಿದ್ರ ಆಕಿ ಪಾಲಿನ ಎರಡು ಕೋರ ಬುಟ್ಟಿ ಕೆಳಗ ಮುಚ್ಚಿಡೋದು.

"ಕಂಪ್ಯೂಟರಿನ ಕೋರ್, ಅತ್ತಿ!"

"ಯಾವುದರೆ ಇರಲಿ. ಎರಡು ಕಾಣವಲ್ಲವು ಅಂದಕೂಡ್ಲೇ ತಿಂದಾಳ ಅಂತೀ. ಬುಟ್ಟಿ ಎತ್ತಿ ನೋಡೀಯೇನು?"

ಕಲ್ಲಿನ ಮುಂದ ಕಿನ್ನರಿ ಬಾರಿಸಿದಂಗ. ಎದ್ದು ಬಂದೆ.

ಜುಲೈ 9, ಬುಧವಾರ

ಸೋಮವಾರ ಒಳಗಿನ ಸಣ್ಣ ಬ್ಯಾಟರಿ ಬದಲಿ. ಎರಡು. ಮಂಗಳವಾರ ಪೂರಾ ದಿನ ಅಪ್‌ಡೇಟ್ — ಚಕ್ರ ತಿರಗ್ತು, ತಿರಗ್ತು, ಕರೆಂಟ್ ಹೋಯ್ತು. ಇವತ್ತು ಮತ್ತ ಅಪ್‌ಡೇಟ್. ಎರಡು.

ಫಾರ್ಮ್ಯಾಟ್ ಹೊಡಿ ಅಂತಾನ ಮನ್ಮಥಪ್ಪ. ಹೊಡದ್ರ ಪರೀಕ್ಷಾ ಸಾಫ್ಟ್‌ವೇರಿನ ಕೀ ಹೋಗ್ತದ, ಮತ್ತ ಸಿಗಲಿಕ್ಕ ತಿಂಗಳು. ನಾ ಹಂಗ ಅಂದಮ್ಯಾಲ ಅಂವಾ ಫೋನ್ ಎತ್ತೋದೇ ಬಿಟ್ಟಾನ. ಕುಣೀಲಿಕ್ಕ ಬರದಾಕಿ ನೆಲಾ ಡೊಂಕಂದ್ಲಂತ.

ಮನಿಯವರು ನಾಗನಾಥ ಊಟಕ್ಕ ಕೂತು ಅಂದ್ರು, "ಎರಡು ಅಂತಂದ್ರ ಎರಡು ಅನ್ನು. ಯಾಕ ವಾದಾ ಹಾಕ್ತೀ ಅದರ ಜೋಡಿ?" ಪಲ್ಯಾ ಅವರ ಮುಂದಿಂದ ಎತ್ತಿಕೊಂಡು ಹೋದೆ.

ಜುಲೈ 12, ಶನಿವಾರ

ಯೋಗಿತಾನ ಗಂಡ ಬಂದಿದ್ದ. ಉದಗೀರಾದ್ರ ಬ್ಯಾಡ ಮೇಡಂ, ಪರೀಕ್ಷಾ ಹೋದ್ರ ಹೋಗಲಿ ಅಂದ. ಆಕಿ ಹಿಂದ ನಿಂತು ನೆಲಾ ನೋಡ್ಲಿಕತ್ತಿದ್ಲು. ಮಿನಿಟಿಗಿ ನಲವತ್ತು ಶಬ್ದದ ಸ್ಪೀಡ್ ಅದ ಹುಡಿಗೀದು. ನನಗ ತಡಕೊಳ್ಳಲಿಕ್ಕ ಆಗಲಿಲ್ಲ.

ಮನಿಷಾಗ ವಾಟ್ಸಾಪಿನಾಗ ಮಾತಾಡಿ ಕಳಿಸಿದೆ. ಎರಡು ವರ್ಷದಾಗ ಮೊದಲನೇ ಮಾತು. "ಎರಡು ಕೋರ್ ಸುಟ್ಟು ಕೊಟ್ಟೀದಿ. ನಿನ್ನ ಪಾಲೂ ತಿಂದೀ, ನನ್ನ ಪಾಲೂ ತಿಂದೀ. ಇಪ್ಪತ್ಮೂರು ಹುಡಿಗೇರ ಶಾಪ ತಟ್ತದ ನಿನಗ."

ಕಳಿಸಿದಮ್ಯಾಲ ಹಗುರ ಆಯ್ತು. ಖರೆ ಹೇಳ್ತೀನಿ, ಭಾಳ ಹಗುರ ಆಯ್ತು.

ಜುಲೈ 13, ಆದಿತ್ಯವಾರ

ಮೆಸೇಜಿಗಿ ನೀಲಿ ಗೀಟು ಬಂದಾವ, ಕೇಳ್ಯಾಳ. ಎರಡು. ಎಲ್ಲಾದ್ರಾಗೂ ಎರಡೇ.

ಜುಲೈ 14, ಸೋಮವಾರ, ಮಧ್ಯಾಹ್ನ 2

ಹ್ಯಾಂಗ ಬರೀಲಿ.

ಹತ್ತೂವರಿಗಿ ಮನಿಷಾ ಬಂದ್ಲು. ನಿಲಂಗಾ ಬಸ್ಸಿನಿಂದ ಇಳದು ಸೀದಾ ಕ್ಲಾಸಿಗೇ. ಸೊರಗ್ಯಾಳ. ನನ್ನ ಮಾರಿ ನೋಡಲಿಲ್ಲ. "ಥೋಡಾ ಸರೀರಿ ಅಕ್ಕಾ" ಅಂದ್ಲು, ಕುರ್ಚಿ ಮ್ಯಾಲ ಕೂತ್ಲು. ಏನೋ ಒಂದು ಶಬ್ದ ಟೈಪ್ ಮಾಡಿದ್ಲು, ಒಂದು ಕಿಟಕಿ ತೆರೀತು. ಅದರಾಗ 'ಬೂಟ್' ಅಂಬೋದು ಒತ್ತಿದ್ಲು, ಇನ್ನೊಂದು ಸಣ್ಣ ಕಿಟಕಿ. ಅಲ್ಲಿ ಪ್ರೊಸೆಸರ್ ಎಷ್ಟು ಅಂಬೋದರ ಮುಂದ ಒಂದು ಟಿಕ್. ಬಾಜೂಕ 2.

ಟಿಕ್ ತಗದ್ಲು. ಬಂದ್ ಮಾಡಿ ಚಾಲೂ ಮಾಡಿದ್ಲು.

ನಾಕು. ಹಸರು ಅಕ್ಷರ. ಪಾಸ್.

ಹುಡಿಗೇರು ಚಪ್ಪಾಳಿ ಹೊಡದ್ರು. ನಾ ಮಾತ್ರ ಉರದುಬಿದ್ದೆ. "ಹತ್ತು ದಿನ ಜೀವಾ ಹಿಂಡ್ಯದಲ್ಲಾ ಇದು! ಯಾಕ ಮಾಡಿಟ್ಟಿದ್ದೀ ಹಿಂಗ?"

"ಅತ್ತಿ ಇಬ್ಬರಿಗೂ ಸಮಾ ಅಂದಿದ್ರಲ್ಲಾ ಅಕ್ಕಾ. ನಾಕು ಕೋರ ಅಂತ ಡಬ್ಬಿ ಮ್ಯಾಲ ಬರದಿತ್ತು. ವಿಡಿಯೋ ಅಂದ್ರ ಮಷಿನ್ ಭಾಳ ಗರಂ ಆಗ್ತದ. ನಾಕೂ ನಾನೇ ಸವಸಿದ್ರ ನಿಮಗ ಏನ್ ಉಳೀತದ? ಇಲ್ಲಿ ಎರಡು ಅಂತ ಹಾಕಿದ್ರ ಎರಡೇ ದುಡೀತಾವ ಅಂತ ಒಬ್ಬರು ಹೇಳಿದ್ರು. ನನ್ನ ಎರಡು ಕೋರಿನಾಗೇ ಮಾಡಿದೆ. ನಿಮ್ಮವು ಎರಡು ಹಂಗೇ ಇಟ್ಟಿದ್ದೆ."

ಅಯ್ಯ ಹುಚ್ಚಿ! ಕೋರ್ ಏನು ಚಪ್ಪಲಿಯೇನು ಸವೀಲಿಕ್ಕ? ಅನ್ನಬೇಕಂದೆ. ನಗೂ ಬಂದಿತ್ತು. ಅಷ್ಟರಾಗ ಆಕಿ ಅಂದ್ಲು —

"ಖರೆ, ವಿಡಿಯೋ ಭಾಳ ತಡಾ ಆಗ್ತಿತ್ತು. ಮೂರು ತಾಸಿಂದು ಆರು ತಾಸು. ಗಿರಾಕಿ ಬೈದು ಬೈದು ಬಿಟ್ರು. ಅದಕ್ಕೇ ದಸರಾಕ್ಕೇ ತಂದು ಕೊಟ್ಟೆ. ಟಿಕ್ ತಗೀರಿ ಅಂತ ಹೇಳಬೇಕಂತ ಬಾಗಲದಾಗ ನಿಂತಿದ್ದೆ. ನೀವು ಒಳಗ ಬಾ ಅನ್ನಲಿಲ್ಲ."

ಆಕಿ ಸೆರಗು ಸರಿಮಾಡಿಕೊಂಡು ಎದ್ಲು. ಅತ್ತೀಗಿ ಭೇಟಿ ಆಗಿ ನಾಳೆ ಹೋಗ್ತೀನಿ ಅಂದು ದಾಳಿಂಬದ ಆಟೋ ಹತ್ತಿದ್ಲು. ಇವತ್ತೂ ಚಾ ಕುಡೀಲಿಲ್ಲ. ಥೂ ನನ್ನ ಜನ್ಮಕ್ಕ.

ಜುಲೈ 15, ಮಂಗಳವಾರ, ಮಧ್ಯಾಹ್ನ 1

ರಿಪೋರ್ಟ್ ಕಳಿಸಿದೆ. ಸೆಂಟರ್ ಪಕ್ಕಾ. ಯೋಗಿತಾ ಪೇಢೆ ತಂದಿದ್ಲು, ಬಾಯಿಗಿಟ್ಟೆ, ರುಚಿ ಹತ್ತಲಿಲ್ಲ.

ಮನಿಷಾಗ ಕಳಿಸಿದ ಆ ಮೆಸೇಜ್ ಅಳಿಸಲಿಕ್ಕ ಹೋದೆ. ನನ್ನ ಮೊಬೈಲಿಂದ ಅಷ್ಟೇ ಅಳೀತು. ಆಕಿ ಕಿವಿಯಿಂದ?

ಅತ್ತೀಗಿ ಫೋನ್ ಮಾಡಿದೆ. ನಿಲಂಗಾ ಬಸ್ ಮಧ್ಯಾಹ್ನ ಎರಡಕ್ಕ ಅದ, ಹಾದಿಯಾಗ ಇಲ್ಲಿ ಬಂದು ಹೋಗು ಅಂತ ಮನಿಷಾಗ ಅನ್ನು ಅಂದೆ. "ನೀನೇ ಅನ್ನು" ಅಂದು ಫೋನ್ ಇಟ್ಟುಬಿಟ್ಲು ಮುದುಕಿ. ಆಮ್ಯಾಲ ಹೇಳ್ಯಾಳೋ ಇಲ್ಲೋ ಗೊತ್ತಿಲ್ಲ.

ಒಂದು ರೊಟ್ಟಿ ಮುರದೆ. ಎರಡು ಕೋರ ತಿಂದೆ. ಎರಡು ಬುಟ್ಟಿ ಕೆಳಗ ಇಟ್ಟೀನಿ.

ಹೊರಗ ಆಟೋ ನಿಂತಂಗಾಯ್ತು. ಚಪ್ಪಲಿ ಸಪ್ಪಳ. ಬಾಗಲತನಕ ಬಂತು, ನಿಂತದ. ಒಳಗ ಬಾ ಅಂತ ಈಗರೆ ನಾನೇ ಅಂತೀನಿ, ಪೆನ್ನು ಇಡ್ತೀನಿ.